ಸಸಾರಜನಕ ಸಸಾರವಲ್ಲ

ಮೊನ್ನೆ ಮಧ್ಯಾಹ್ನ ಆಫೀಸಿನ ಕ್ಯಾಂಟೀನಿನಲ್ಲಿ ಊಟಕ್ಕೆ ಕೂತಿದ್ದಾಗ ನಮ್ಮ ಟೀಮಿನ ಗೆಳೆಯನೊಬ್ಬ ಮೊಬೈಲನ್ನು ನನ್ನ ಮುಖದ ಮುಂದೆ ಹಿಡಿದ. ವಾಟ್ಸಾಪಿನಲ್ಲಿ ಬಂದ ವಿಡಿಯೋ. ಸಾರಾಂಶ ಇಷ್ಟು: ಕಾರ್ಬನ್ ಡೈಆಕ್ಸೈಡ್ ಅನ್ನೋದು ವಿಷ ಅಲ್ಲ, ಗಿಡಗಳ ಊಟ. ಗಾಳಿಯಲ್ಲಿ ಅದು ಜಾಸ್ತಿ ಆದಷ್ಟೂ ಭೂಮಿ ಹಸಿರಾಗುತ್ತೆ, ಬೆಳೆ ಹುಲುಸಾಗಿ ಬರುತ್ತೆ. ಹವಾಮಾನದ ಹೆಸರಲ್ಲಿ ಹೆದರಿಸುವವರೆಲ್ಲ ಫಂಡಿಂಗ್ ಗಿರಾಕಿಗಳು. "ನೀನು ಹಳ್ಳಿಯವನಲ್ವಾ, ನೀನೇ ಹೇಳು, ಕರೆಕ್ಟ್ ತಾನೇ?" ಅಂದ. ಹಾಗೆ ಕೇಳಿದವನ ಎಡಗೈಯಲ್ಲಿ ಪ್ರೊಟೀನ್ ಶೇಕಿನ ಬಾಟಲಿ ಇತ್ತು.

ಆ ವಿಡಿಯೋಗೂ ಆ ಬಾಟಲಿಗೂ ಒಂದು ಸಂಬಂಧ ಇದೆ ಅಂತ ನನಗೆ ಆಗಲೇ ಹೊಳೆಯಿತು. ಆದರೆ ಎರಡೂವರೆಗೆ ಮೀಟಿಂಗು. ಅನ್ನ ಸಾರು ಮುಗಿಸಿ, "ಪೂರ್ತಿ ಕರೆಕ್ಟಲ್ಲ ಮಾರಾಯ" ಅಂತಷ್ಟೇ ಹೇಳಿ ಎದ್ದೆ. ಅರ್ಧಕ್ಕೆ ಬಿಟ್ಟ ಉತ್ತರ ಗಂಟಲಲ್ಲಿ ಮುಳ್ಳಿನ ಹಾಗೆ ಕೂತಿದೆ. ಇಲ್ಲಿ ಕಕ್ಕಿಬಿಡ್ತೀನಿ.

ನಮ್ಮೂರಿನ ಸರ್ಕಾರಿ ಶಾಲೆಯ ವಿಜ್ಞಾನದ ಪುಸ್ತಕದಲ್ಲಿ ಪ್ರೊಟೀನಿಗೆ 'ಸಸಾರಜನಕ' ಅಂತ ಇತ್ತು. ಆ ಪದ ಬಂದಾಗೆಲ್ಲ ನಾವು ಕಿಸಕ್ಕನೆ ನಗೋದು. ಯಾಕೆಂದರೆ ನಮ್ಮ ಕಡೆ ಸಸಾರ ಅಂದ್ರೆ ಅಗ್ಗ, ಸುಲಭ, ಲೆಕ್ಕಕ್ಕಿಲ್ಲದ್ದು. "ಅವನನ್ನ ಅಷ್ಟು ಸಸಾರ ಮಾಡ್ಬೇಡ ಕಣ್ಲಾ" ಅಂತಾರಲ್ಲ, ಆ ಸಸಾರ. ಮೇಷ್ಟ್ರು ಕಡ್ಡಿ ಮುರಿದ ಹಾಗೆ ಹೇಳಿದರು: "ಪದ ಒಡೆದು ನೋಡ್ರೋ. ಸ-ಸಾರಜನಕ. ಸಾರಜನಕ ಕೂಡಿಕೊಂಡಿರೋದು. ಅನ್ನದಲ್ಲಿರೋ ಪಿಷ್ಟದಲ್ಲಿ ಸಾರಜನಕ ಇಲ್ಲ, ಎಣ್ಣೆಯಲ್ಲಿ ಇಲ್ಲ, ಇದರಲ್ಲಿ ಮಾತ್ರ ಇದೆ." ಇಂಜಿನಿಯರಿಂಗ್ ಮುಗಿಸಿ ಎಷ್ಟೋ ವರ್ಷ ಆದಮೇಲೆ ಗೊತ್ತಾಯ್ತು, ಮೇಷ್ಟ್ರು ಒಂದು ವಾಕ್ಯದಲ್ಲಿ ಇಡೀ ವಿಷಯ ಹೇಳಿಬಿಟ್ಟಿದ್ದರು ಅಂತ. ಪ್ರೊಟೀನಿನ ತೂಕದಲ್ಲಿ ಸುಮಾರು ಶೇ. 16ರಷ್ಟು ಸಾರಜನಕ. ಕಾಳಿನಲ್ಲಿ ಸಾರಜನಕ ಕಡಿಮೆಯಾಯ್ತು ಅಂದ್ರೆ ಪ್ರೊಟೀನ್ ಕಡಿಮೆಯಾಯ್ತು ಅಂತಲೇ ಅರ್ಥ.

ಈಗ ವಿಡಿಯೋ ವಿಷಯಕ್ಕೆ ಬರೋಣ. ಅದರಲ್ಲಿ ಸುಳ್ಳು ಕಡಿಮೆ, ಅರ್ಧಸತ್ಯ ಜಾಸ್ತಿ. ಅರ್ಧಸತ್ಯದ ಆ ಅರ್ಧವನ್ನು ಮೊದಲು ಒಪ್ಪಿಕೊಳ್ಳೋಣ. ಕೈಗಾರಿಕಾ ಯುಗ ಶುರುವಾಗುವ ಮುಂಚೆ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಇದ್ದದ್ದು ಸುಮಾರು 280 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗಕ್ಕೆ 280 ಭಾಗ. 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಅಳೆಯೋಕೆ ಶುರು ಮಾಡಿದಾಗ ಸುಮಾರು 315. 2023ರಲ್ಲಿ ಅಲ್ಲಿನ ವರ್ಷದ ಸರಾಸರಿ 420 ದಾಟಿತು. ಹೌದು, ಇದರಿಂದ ಭೂಮಿ ಒಂದಷ್ಟು ಹಸಿರಾಗಿದೆ, ಉಪಗ್ರಹಗಳು ಅದನ್ನು ಕಂಡಿವೆ. ಹೌದು, ಭತ್ತ ಗೋಧಿಯಂಥ ಬೆಳೆಗಳಿಗೆ ಈ ಅನಿಲ ಜಾಸ್ತಿ ಸಿಕ್ಕರೆ, ನೀರು ಗೊಬ್ಬರ ಸರಿಯಾಗಿದ್ದರೆ, ಇಳುವರಿ ಶೇ. 10ರಿಂದ 20ರಷ್ಟು ಏರಿದ್ದನ್ನೂ ಪ್ರಯೋಗಗಳು ತೋರಿಸಿವೆ. ಬಿಸಿಲು, ಬರ, ಅಕಾಲದ ಮಳೆ ಅದನ್ನು ಎಷ್ಟು ಕಿತ್ತುಕೊಳ್ಳುತ್ತವೆ ಅನ್ನೋದು ಬೇರೆ ಜಗಳ. ಇವತ್ತು ಅದನ್ನು ಎತ್ತಲ್ಲ.

ನನ್ನ ಪ್ರಶ್ನೆ ಒಂದೇ. ಮೂಟೆ ಜಾಸ್ತಿ ಆಯ್ತು, ಸರಿ. ಮೂಟೆಯೊಳಗೆ ಏನಿದೆ?

ನಮ್ಮ ಕೆಲಸದಲ್ಲಿ ಇಂಥದ್ದನ್ನು ಎಲ್ಲರೂ ನೋಡಿರ್ತೀರಿ. ಡ್ಯಾಶ್‌ಬೋರ್ಡ್ ಪೂರ್ತಿ ಹಸಿರು, ಸೆಕೆಂಡಿಗೆ ಇಷ್ಟು ಸಾವಿರ ರಿಕ್ವೆಸ್ಟ್ ಹೋಗ್ತಾ ಇದೆ ಅಂತ ಮ್ಯಾನೇಜರ್ ಖುಷಿ. ಒಳಗೆ ಇಣುಕಿ ನೋಡಿದರೆ ಅರ್ಧಕ್ಕರ್ಧ ರೆಸ್ಪಾನ್ಸ್ ಖಾಲಿ. ಕೃಷಿಯಲ್ಲಿ ನಾವು ಕ್ವಿಂಟಾಲ್ ಅನ್ನೋ ಒಂದೇ ಮೆಟ್ರಿಕ್ ಹಿಡಿದುಕೊಂಡು ಕೂತಿದ್ದೇವೆ.

ಮೂಟೆಯೊಳಗೆ ಏನಿದೆ ಅಂತ ಇಣುಕಿ ನೋಡಿದವರಿದ್ದಾರೆ. ಜಪಾನ್, ಆಸ್ಟ್ರೇಲಿಯಾ, ಅಮೆರಿಕಗಳಲ್ಲಿ ಬಯಲಿನ ಹೊಲದಲ್ಲೇ, ಗಾಜಿನ ಮನೆ ಕಟ್ಟದೆ, ಬೆಳೆಯ ಸುತ್ತ ವೃತ್ತಾಕಾರವಾಗಿ ಪೈಪು ಎಳೆದು ಕಾರ್ಬನ್ ಡೈಆಕ್ಸೈಡ್ ಊದುತ್ತಾರೆ. ಮಳೆ, ಬಿಸಿಲು, ಗಾಳಿ, ಹುಳ ಎಲ್ಲ ಮಾಮೂಲಿ. ಬದಲಾಗೋದು ಆ ಒಂದು ಅನಿಲ ಮಾತ್ರ. ಇಂಥ ಪ್ರಯೋಗಗಳ ಫಲಿತಾಂಶ ಒಟ್ಟುಗೂಡಿಸಿ ಸ್ಯಾಮ್ಯುಯೆಲ್ ಮೈಯರ್ಸ್ ಮತ್ತು ಜೊತೆಗಾರರು 2014ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು. ಸುಮಾರು 550 ಪಿಪಿಎಂನಲ್ಲಿ ಬೆಳೆದ ಗೋಧಿಯಲ್ಲಿ ಪ್ರೊಟೀನ್ ಶೇ. 6.3, ಸತು ಶೇ. 9.3, ಕಬ್ಬಿಣ ಶೇ. 5.1 ಕಡಿಮೆ. ಅಕ್ಕಿಯಲ್ಲಿ ಪ್ರೊಟೀನ್ ಶೇ. 7.8, ಕಬ್ಬಿಣ ಶೇ. 5.2, ಸತು ಶೇ. 3.3 ಕಡಿಮೆ. 2018ರಲ್ಲಿ ಚೀನಾ ಮತ್ತು ಜಪಾನಿನ ಗದ್ದೆಗಳಲ್ಲಿ 18 ಭತ್ತದ ತಳಿಗಳನ್ನು ನೋಡಿದಾಗ ಪ್ರೊಟೀನ್ ಸರಾಸರಿ ಶೇ. 10ರಷ್ಟು ಬಿದ್ದಿತ್ತು. ಫೋಲಿಕ್ ಆಮ್ಲ ಅಂತ ಬಸುರಿಯರಿಗೆ ಮಾತ್ರೆ ಕೊಡ್ತಾರಲ್ಲ, ಆ ಬಿ9 ವಿಟಮಿನ್ ಶೇ. 30ರಷ್ಟು. ಈಗಿನ ದಾರಿಯಲ್ಲೇ ಹೋದರೆ ಗಾಳಿ ಆ 550ಕ್ಕೆ ಮುಟ್ಟೋದು ಈ ಶತಮಾನದ ನಡುಭಾಗದಲ್ಲಿ ಅಥವಾ ಅದಾಗಿ ಸ್ವಲ್ಪ ಕಾಲಕ್ಕೆ. ಇವತ್ತು ಅಂಗನವಾಡಿಯಲ್ಲಿ ಕೂತಿರೋ ಮಗು ಆಗ ತನ್ನ ಮಕ್ಕಳಿಗೆ ಅನ್ನ ಬಡಿಸ್ತಿರುತ್ತೆ.

ಯಾಕೆ ಹೀಗಾಗುತ್ತೆ? ಗಿಡಕ್ಕೆ ಎರಡು ದಿಕ್ಕಿನಿಂದ ಊಟ. ಇಂಗಾಲ ಮೇಲಿಂದ, ಗಾಳಿಯಿಂದ. ಸಾರಜನಕ ಕೆಳಗಿಂದ, ಮಣ್ಣಿಂದ. ಗಾಳಿಯಲ್ಲಿ ಶೇ. 78 ಸಾರಜನಕವೇ ಇದ್ದರೂ ಭತ್ತಕ್ಕೆ ಅದನ್ನು ನೇರವಾಗಿ ತಿನ್ನೋಕೆ ಬರಲ್ಲ, ಬೇರಿನ ದಾರಿಯೇ ಗತಿ. ಮೇಲಿನ ಊಟ ಜಾಸ್ತಿ ಆಗಿ ಕೆಳಗಿನ ಊಟ ಅಷ್ಟೇ ಇದ್ದರೆ ಏನಾಗಬೇಕೋ ಅದೇ ಆಗುತ್ತೆ. ಸಕ್ಕರೆ, ಪಿಷ್ಟ ತುಂಬಿಕೊಳ್ಳುತ್ತೆ, ಪ್ರೊಟೀನ್ ತೆಳ್ಳಗಾಗುತ್ತೆ. ನೆಂಟರು ಜಾಸ್ತಿ ಬಂದರೆ ಸಾರಿಗೆ ಎರಡು ಚೊಂಬು ನೀರು ಹುಯ್ಯೋದಿಲ್ವಾ, ಹಾಗೆ. ಪಾತ್ರೆ ತುಂಬಿರುತ್ತೆ, ಬೇಳೆ ಮಾತ್ರ ತಳ ಕಂಡಿರುತ್ತೆ.

ಬರೀ ನೀರು ಬೆರೆಸಿದ್ದಷ್ಟೇ ಆಗಿದ್ದರೆ ಎಲ್ಲ ಪೋಷಕಾಂಶವೂ ಒಂದೇ ಪ್ರಮಾಣದಲ್ಲಿ ಇಳಿಯಬೇಕಿತ್ತು. ಹಾಗಾಗಿಲ್ಲ. ಅಂದರೆ ಬೇರೆ ಕಾರಣಗಳೂ ಇವೆ. ಎಲೆಯ ಮೇಲೆ ಸಣ್ಣ ಸಣ್ಣ ಬಾಯಿಗಳಿರ್ತವೆ, ಪತ್ರರಂಧ್ರ ಅಂತೀವಿ. ಗಾಳಿಯಲ್ಲಿ ಇಂಗಾಲ ಧಾರಾಳ ಇದ್ದಾಗ ಗಿಡ ಆ ಬಾಯಿಗಳನ್ನು ಅರ್ಧ ಮುಚ್ಚಿಕೊಳ್ಳುತ್ತೆ. ನೀರು ಉಳಿಯುತ್ತೆ, ಒಳ್ಳೇದೇ. ಆದರೆ ಎಲೆಯಿಂದ ನೀರು ಆವಿಯಾಗೋದು ಕಡಿಮೆಯಾದರೆ ಬೇರು ನೀರೆಳೆಯೋದೂ ಕಡಿಮೆ. ಆ ನೀರಿನ ಜೊತೆ ತೇಲಿ ಬರ್ತಿದ್ದ ನೈಟ್ರೇಟ್ ಕೂಡ ಕಡಿಮೆ.

ಇನ್ನೊಂದು ಕಾರಣ ಎಲೆಯೊಳಗಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ಆರ್ನಾಲ್ಡ್ ಬ್ಲೂಮ್ ಅನ್ನೋ ವಿಜ್ಞಾನಿ ಅರಿಜೋನಾದ ಹೊಲದಲ್ಲಿ 1990ರ ದಶಕದಲ್ಲಿ ಬೆಳೆದು ಒಣಗಿಸಿಟ್ಟಿದ್ದ ಗೋಧಿಯ ಮಾದರಿಗಳನ್ನು ಮತ್ತೆ ಪರೀಕ್ಷೆ ಮಾಡಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರ ವಾದ ಹೀಗಿದೆ: ಬೇರಿನಿಂದ ಬಂದ ನೈಟ್ರೇಟನ್ನು ಎಲೆ ಪ್ರೊಟೀನ್ ಆಗಿ ಬದಲಾಯಿಸಬೇಕು, ಅದಕ್ಕೊಂದು ಶಕ್ತಿಯ ಸರಬರಾಜು ಬೇಕು. ಕಾರ್ಬನ್ ಡೈಆಕ್ಸೈಡ್ ಹೆಚ್ಚಾದಾಗ ಆ ಸರಬರಾಜೇ ಸೊರಗುತ್ತೆ. ನೈಟ್ರೇಟ್ ಎಲೆಯವರೆಗೆ ಬಂದಿರುತ್ತೆ, ಹಾಗೇ ಕೂತಿರುತ್ತೆ. ಲಾರಿ ಗೋದಾಮಿನ ಬಾಗಿಲಿಗೆ ಬಂದಿದೆ, ಹಮಾಲಿಗಳು ಇಲ್ಲ. ಈ ವಾದವನ್ನು ಒಪ್ಪದ ವಿಜ್ಞಾನಿಗಳೂ ಇದ್ದಾರೆ. ಯಾವ ಕಾರಣದ ಪಾಲು ಎಷ್ಟು ಅಂತ ಅವರಲ್ಲೇ ಜಗಳ ನಡೀತಾ ಇದೆ. ಕಾಳಿನ ಪ್ರೊಟೀನ್ ಇಳೀತಾ ಇದೆ ಅನ್ನೋದರಲ್ಲಿ ಆ ಜಗಳ ಇಲ್ಲ.

ಮೂರನೆಯ ಕಾರಣ ನನಗೆ ಬಹಳ ಹತ್ತಿರದ್ದು. ತೆನೆ ಹಾಲುಗಟ್ಟಿ ಬಲಿಯೋ ಹೊತ್ತಿಗೆ ಭತ್ತದ ಎಲೆ ಕೆಳಗಿಂದ ಹಳದಿ ತಿರುಗುತ್ತೆ. ಚಿಕ್ಕವನಿದ್ದಾಗ ಗದ್ದೆ ಬದುವಿನ ಮೇಲೆ ನಿಂತು "ಅಪ್ಪಾ, ಬೆಳೆಗೆ ರೋಗ ಬಂದಿದೆ" ಅಂತ ಕೂಗಿದ್ದೆ. ಅಪ್ಪ ನಕ್ಕು, "ರೋಗ ಅಲ್ಲ ಕಣಪ್ಪ, ಎಲೆ ತನ್ನದನ್ನೆಲ್ಲ ಕಾಳಿಗೆ ಕೊಡ್ತಾ ಐತೆ" ಅಂದಿದ್ದರು. ಅಪ್ಪ ಓದಿದ್ದು ನಾಲ್ಕನೇ ಕ್ಲಾಸು. ಅವರು ಹೇಳಿದ್ದು ಅಕ್ಷರಶಃ ಸತ್ಯ. ಎಲೆಯಲ್ಲಿ ಇಂಗಾಲ ಹಿಡಿಯೋ ಕೆಲಸ ಮಾಡೋ ರುಬಿಸ್ಕೋ ಅನ್ನೋ ಪ್ರೊಟೀನ್ ಇದೆ, ಎಲೆಯ ಸಾರಜನಕದ ದೊಡ್ಡ ಪಾಲು ಅದರಲ್ಲೇ. ಬೆಳೆ ಮಾಗುವಾಗ ಅದು ಒಡೆದು ಆ ಸಾರಜನಕ ಕಾಳಿಗೆ ಇಳಿಯುತ್ತೆ. ಗಾಳಿಯಲ್ಲಿ ಇಂಗಾಲ ಬಿಟ್ಟಿ ಸಿಗೋವಾಗ ಗಿಡ ರುಬಿಸ್ಕೋ ಮಾಡೋದನ್ನೇ ಕಡಿಮೆ ಮಾಡುತ್ತೆ. ಹಾಗಾದರೆ ಕೊನೆಗೆ ಕಾಳಿಗೆ ಧಾರೆ ಎರೆಯೋಕೆ ಎಲೆಯ ಹತ್ತಿರ ಇರೋದೇ ಕಮ್ಮಿ.

ಇದನ್ನು ಗಂಟಲು ಹರಿದುಕೊಂಡು ಹೇಳಿದವರಲ್ಲಿ ಮೊದಲಿಗರೊಬ್ಬರು ಕೃಷಿ ವಿಜ್ಞಾನಿಯೇ ಅಲ್ಲ, ಗಣಿತದವರು. ಇರಾಕ್ಲಿ ಲೊಲಾಡ್ಜೆ ಅಂತ. ಅಮೆರಿಕದ ಅರಿಜೋನಾದಲ್ಲಿ ಓದುತ್ತಿದ್ದಾಗ ಅವರ ಗಮನಕ್ಕೆ ಒಂದು ಪ್ರಯೋಗ ಬಂತು. ಪಾಚಿಯ ಮೇಲೆ ಹೆಚ್ಚು ಬೆಳಕು ಬಿಟ್ಟರೆ ಪಾಚಿ ಸೊಂಪಾಗಿ ಬೆಳೆಯಿತು, ಆದರೆ ಅದನ್ನು ತಿನ್ನೋ ಸಣ್ಣ ಜಲಜೀವಿಗಳು ಮಾತ್ರ ಸೊರಗಿದವು. ಹೊಟ್ಟೆ ತುಂಬಾ ಊಟ, ಆದರೂ ಉಪವಾಸ. ಇದೇ ಲೆಕ್ಕ ಮನುಷ್ಯರ ಬೆಳೆಗೂ ಅನ್ವಯಿಸಬೇಕಲ್ಲ ಅಂತ ಅವರು 2002ರಲ್ಲೇ ಬರೆದರು. 2014ರಲ್ಲಿ 130 ಜಾತಿ ಮತ್ತು ತಳಿಗಳ ಅಂಕಿಅಂಶ ಗುಡ್ಡೆ ಹಾಕಿ, ಖನಿಜಾಂಶಗಳು ಸರಾಸರಿ ಶೇ. 8ರಷ್ಟು ಇಳಿಯುತ್ತವೆ ಅಂತ ತೋರಿಸಿದರು. 2002ರಲ್ಲಿ ನಾನು ಸ್ಕೂಲಿನಲ್ಲಿದ್ದೆ. ಇವತ್ತಿಗೂ ನಮ್ಮ ಟಿವಿ ಚರ್ಚೆಗಳಲ್ಲಿ ಈ ವಿಷಯ ಕೇಳಿದ ನೆನಪು ನನಗಿಲ್ಲ.

"ಶೇ. 7, ಶೇ. 8 ತಾನೇ? ಇದೇನು ದೊಡ್ಡ ವಿಷಯ?" ಅಂತ ಕೇಳ್ತೀರಿ. ನನ್ನ ಗೆಳೆಯನೂ ಅದನ್ನೇ ಕೇಳ್ತಾನೆ, ಗೊತ್ತು. ಬನ್ನಿ, ಎಕ್ಸೆಲ್ ಬೇಡ, ಬೆರಳಲ್ಲೇ ಲೆಕ್ಕ ಹಾಕೋಣ. ಮೈಬಗ್ಗಿಸಿ ದುಡಿಯೋ ಒಬ್ಬ ಮನುಷ್ಯ ದಿನಕ್ಕೆ 400 ಗ್ರಾಂ ಅಕ್ಕಿ ತಿಂತಾನೆ ಅಂದುಕೊಳ್ಳಿ. ಅದರಲ್ಲಿ ಪ್ರೊಟೀನ್ ಸುಮಾರು 30 ಗ್ರಾಂ. ಶೇ. 7.8 ಇಳಿದರೆ ಹೋಗೋದು ಎರಡೂಕಾಲು ಗ್ರಾಮಿಗಿಂತ ಸ್ವಲ್ಪ ಜಾಸ್ತಿ. ಒಂದು ಕೋಳಿಮೊಟ್ಟೆಯಲ್ಲಿ ಸುಮಾರು ಆರು ಗ್ರಾಂ ಇರುತ್ತೆ. ಅಂದರೆ ತಲೆಗೆ ದಿನಕ್ಕೆ ಮೂರನೇ ಒಂದು ಮೊಟ್ಟೆ. ಐದು ಜನರ ಮನೆಗೆ ದಿನಕ್ಕೆ ಹೆಚ್ಚುಕಮ್ಮಿ ಎರಡು ಮೊಟ್ಟೆ, ವರ್ಷಕ್ಕೆ 700. ಒಂದಕ್ಕೆ ಆರು ರೂಪಾಯಿ ಅಂತ ಹಿಡಿದರೂ 4,200 ರೂಪಾಯಿ. ಕಳ್ಳ ಯಾರು ಅಂತ ಗೊತ್ತಿಲ್ಲದೆ, ಬೀಗ ಒಡೆಯದೆ, ಅಡುಗೆಮನೆಯಿಂದ ವರ್ಷಕ್ಕೆ 700 ಮೊಟ್ಟೆ ಕದ್ದ ಹಾಗೆ. ನಮಗೆ ಅದು ವೀಕೆಂಡಿನ ಒಂದು ಡಿನ್ನರ್ ಬಿಲ್ಲು. ಕೂಲಿ ಮಾಡೋ ಮನೆಯಲ್ಲಿ ಅದು ಸಿಗದೇ ಹೋಗೋ 700 ಮೊಟ್ಟೆ, ಅಷ್ಟೇ. ಶಾಲೆಯ ಮಕ್ಕಳಿಗೆ ಮೊಟ್ಟೆ ಕೊಡಬೇಕೋ ಬಾರದೋ ಅಂತ ವರ್ಷಗಟ್ಟಲೆ ಜಗಳ ಆಡಿದ ರಾಜ್ಯ ಸ್ವಾಮಿ ನಮ್ಮದು.

ಈ ದೇಶದ ಹಳ್ಳಿಗಳಲ್ಲಿ ಜನರಿಗೆ ಸಿಗೋ ಪ್ರೊಟೀನಿನಲ್ಲಿ ಅರ್ಧಕ್ಕಿಂತ ಹೆಚ್ಚು ಧಾನ್ಯಗಳಿಂದಲೇ ಬರ್ತಿತ್ತು ಅಂತ 2011-12ರ ರಾಷ್ಟ್ರೀಯ ಮಾದರಿ ಸಮೀಕ್ಷೆ ಹೇಳಿತ್ತು. ಈಗಲೂ ಅದು ಅರ್ಧಕ್ಕೆ ಹತ್ತಿರವೇ ಇದೆ. ಅನ್ನ ಅಂದ್ರೆ ಬರೀ ಕಾರ್ಬ್ಸ್ ಅಂತ ತಟ್ಟೆಯಲ್ಲಿ ಪಕ್ಕಕ್ಕೆ ತಳ್ಳೋ ನಮಗೆ ಇದು ಅರ್ಥ ಆಗೋದು ಕಷ್ಟ. ಬಡವನಿಗೆ ಅನ್ನವೇ ಪ್ರೊಟೀನು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 67, 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 57 ಜನಕ್ಕೆ ರಕ್ತಹೀನತೆ. ಅಂಚಿನಲ್ಲಿ ನಿಂತವರನ್ನು ತಳ್ಳೋಕೆ ಶೇ. 7 ಬೇಕಾದಷ್ಟಾಯಿತು. 2018ರಲ್ಲಿ ಮ್ಯಾಥ್ಯೂ ಸ್ಮಿತ್ ಮತ್ತು ಮೈಯರ್ಸ್ ಹಾಕಿದ ಅಂದಾಜು ಇದು: 550 ಪಿಪಿಎಂನಲ್ಲಿ ಭಾರತದಲ್ಲೇ ಹೊಸದಾಗಿ 5 ಕೋಟಿ ಜನಕ್ಕೆ ಸತುವಿನ ಕೊರತೆ, 3.8 ಕೋಟಿ ಜನಕ್ಕೆ ಪ್ರೊಟೀನಿನ ಕೊರತೆ. ಪ್ರಪಂಚದಲ್ಲಿ ಅತಿ ದೊಡ್ಡ ಪಾಲು ನಮ್ಮದೇ. ಹೊಗೆಯ ಲೆಕ್ಕಕ್ಕೆ ಬಂದರೆ ಒಬ್ಬ ಅಮೆರಿಕನ್ನನ ಸರಾಸರಿ ಹೊಗೆ ಒಬ್ಬ ಭಾರತೀಯನದಕ್ಕಿಂತ ಆರೇಳು ಪಟ್ಟು. ಇನ್ನು ಭಾರತೀಯನ ಸರಾಸರಿ ಅನ್ನೋದರೊಳಗೆ ಗೋವಾಗೆ ವಿಮಾನದಲ್ಲಿ ಹೋಗಿಬರೋ ನಾವು ಯಾರು, ರೇಷನ್ ಅಂಗಡಿ ಮುಂದೆ ಚೀಲ ಹಿಡಿದು ನಿಂತವರು ಯಾರು ಅಂತ ಬಿಡಿಸಿ ಹೇಳಬೇಕಾ? ಹೊಗೆ ನಮ್ಮದು, ಕಾಳು ಅವರದು. ನಮಗೆ ಡಬ್ಬದಲ್ಲಿ ಪ್ರೊಟೀನ್ ಪುಡಿ ಸಿಗುತ್ತೆ. ಆ ವಿಡಿಯೋಗೂ ಈ ಬಾಟಲಿಗೂ ಇರೋ ಸಂಬಂಧ ಇದೇ.

"ಸರಿ, ಸಾರಜನಕ ಸಾಲಲ್ಲ ಅಂದ್ರೆ ಇನ್ನೊಂದು ಮೂಟೆ ಯೂರಿಯಾ ಸುರೀರಿ" ಅನ್ನೋ ಮೇಧಾವಿಗಳಿದ್ದಾರೆ. ಸುರಿದು ನೋಡಿದ್ದಾರೆ. ಗೊಬ್ಬರ ಜಾಸ್ತಿ ಕೊಟ್ಟಾಗ ನಷ್ಟ ಸ್ವಲ್ಪ ತಗ್ಗುತ್ತೆ, ಪೂರ್ತಿ ನಿಲ್ಲಲ್ಲ. ಈಗ ಹಾಕಿದ ಯೂರಿಯಾದಲ್ಲೇ ಅರ್ಧಕ್ಕಿಂತ ಹೆಚ್ಚು ಬೆಳೆಯ ಹೊಟ್ಟೆ ಸೇರೋದಿಲ್ಲ. ಒಂದಷ್ಟು ನೀರಿಗಿಳಿದು ಬೋರ್‌ವೆಲ್ ಸೇರುತ್ತೆ, ಒಂದಷ್ಟು ನೈಟ್ರಸ್ ಆಕ್ಸೈಡ್ ಆಗಿ ಗಾಳಿ ಸೇರುತ್ತೆ. ಆ ಅನಿಲ ಭೂಮಿಯನ್ನು ಬಿಸಿ ಮಾಡೋದು ಕಾರ್ಬನ್ ಡೈಆಕ್ಸೈಡಿಗಿಂತ 270 ಪಟ್ಟು. ಯೂರಿಯಾ ತಯಾರಿಸೋಕೆ ಸುಡೋದು ನೈಸರ್ಗಿಕ ಅನಿಲ. ಬೆಂಕಿ ಆರಿಸೋಕೆ ಸೀಮೆಎಣ್ಣೆ ತಂದ ಹಾಗಾಯ್ತು. ಯೂರಿಯಾ ಬಂತು ಅಂದ ದಿನ ಬೆಳಗಿನ ಜಾವ ಐದಕ್ಕೇ ಸೊಸೈಟಿ ಮುಂದೆ ಚಪ್ಪಲಿ ಸಾಲಿಟ್ಟು ಕಾದ ಅಪ್ಪನ ಮಗ ನಾನು. "ಇನ್ನೊಂದು ಮೂಟೆ" ಅನ್ನೋ ಮಾತು ಎಷ್ಟು ಸಸಾರವಾಗಿ ಬಾಯಿಗೆ ಬರುತ್ತೆ ಅಂತ ಬೆರಗಾಗ್ತೀನಿ.

ಈಗ ನನ್ನ ಅಸಲಿ ತಕರಾರಿಗೆ ಬರ್ತೀನಿ. ನಮ್ಮೂರಿನ ಹಾಲಿನ ಡೇರಿಗೆ ಹೋಗಿ ನೋಡಿ. ಅರ್ಧ ಲೀಟರ್ ಹಾಲು ತಂದ ಅಜ್ಜಿಯ ಕ್ಯಾನಿನಿಂದಲೂ ಸ್ಯಾಂಪಲ್ ತೆಗೀತಾರೆ. ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು ಅಂತ ಮಿಷನ್ನು ಚೀಟಿ ಕೊಡುತ್ತೆ. ಅದರ ಮೇಲೆ ರೇಟು. ಹಾಲಿಗೆ ಒಂದು ಲೋಟ ನೀರು ಬಿದ್ದರೆ ಡೇರಿ ಹಿಡಿಯುತ್ತೆ, ಊರೇ ಆಡಿಕೊಳ್ಳುತ್ತೆ. ಅದೇ ಊರಿನ ಭತ್ತ ಖರೀದಿ ಕೇಂದ್ರಕ್ಕೆ ಬನ್ನಿ. ತೇವ ಶೇ. 17 ಮೀರಬಾರದು, ಕಲ್ಲು ಮಣ್ಣು ಇರಬಾರದು, ಕಾಳು ಜೊಳ್ಳಾಗಿರಬಾರದು, ಬಣ್ಣಗೆಟ್ಟಿರಬಾರದು. ಸರಿ. ಪ್ರೊಟೀನ್ ಎಷ್ಟಿದೆ? ಆ ಕಾಲಮ್ಮೇ ಇಲ್ಲ. ಇಡೀ ವಾತಾವರಣವೇ ನಮ್ಮ ಅಕ್ಕಿಗೆ ನೀರು ಬೆರೆಸ್ತಾ ಇದೆ, ಹಿಡಿಯೋಕೆ ಲ್ಯಾಕ್ಟೋಮೀಟರ್ ಇಟ್ಟಿಲ್ಲ ನಾವು.

ಅಳೆಯೋದು ಕಷ್ಟ ಅಂತಲಾ? ಕಾಳಿನ ಸಾರಜನಕ ಅಳೆಯೋ ವಿಧಾನವನ್ನು ಯೋಹಾನ್ ಕೆಲ್ಡಾಲ್ ಕಂಡುಹಿಡಿದದ್ದು 1883ರಲ್ಲಿ, ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯ ಪ್ರಯೋಗಾಲಯದಲ್ಲಿ. ಬಿಯರ್ ಮಾಡೋ ಬಾರ್ಲಿಯಲ್ಲಿ ಪ್ರೊಟೀನ್ ಎಷ್ಟಿದೆ ಅಂತ ಗೊತ್ತಾಗಬೇಕಿತ್ತು ಅವರಿಗೆ. ಆಸ್ಟ್ರೇಲಿಯಾ, ಕೆನಡಾಗಳಲ್ಲಿ ರೈತನ ಗೋಧಿಗೆ ಪ್ರೊಟೀನ್ ನೋಡಿಯೇ ದರ್ಜೆ. ಕಾಳಿನ ಮೇಲೆ ಬೆಳಕು ಬಿಟ್ಟು ನಿಮಿಷದೊಳಗೆ ಪ್ರೊಟೀನ್ ಹೇಳೋ ಯಂತ್ರಗಳು ಅಲ್ಲಿನ ಗೋದಾಮುಗಳಲ್ಲಿ ಮಾಮೂಲಿ. ಬಿಯರಿಗೆ ಬೇಕಾದಷ್ಟು ಎಚ್ಚರ ಮಕ್ಕಳ ಅನ್ನಕ್ಕೆ ಬೇಡವಾ?

ಸರ್ಕಾರ ಸುಮ್ಮನೆ ಕೂತಿದೆ ಅಂತಲೂ ಹೇಳಲಾರೆ. ಪಡಿತರದ ಅಕ್ಕಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಬೆರೆಸಿ ಕೊಟ್ಟಿತ್ತು. ಆದರೆ ಸತು ಅದರಲ್ಲಿ ಕಡ್ಡಾಯ ಇರಲಿಲ್ಲ, ಪ್ರೊಟೀನನ್ನು ಹಾಗೆ ಚಿಟಿಕೆಯಲ್ಲಿ ಉದುರಿಸೋಕೆ ಬರೋದೂ ಇಲ್ಲ. ಕಟಕ್‌ನ ರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಸಿಆರ್ ಧಾನ್ 310 ಅನ್ನೋ ತಳಿ ಮಾಡಿದೆ, ಪಾಲಿಶ್ ಮಾಡಿದ ಮೇಲೂ ಅದರಲ್ಲಿ ಪ್ರೊಟೀನ್ ಶೇ. 10ರ ಮೇಲೆ. ಒಳ್ಳೆ ಕೆಲಸ. ಆದರೆ ತೂಕಕ್ಕೆ ಮಾತ್ರ ದುಡ್ಡು ಕೊಡೋ ಮಾರುಕಟ್ಟೆಯಲ್ಲಿ ರೈತ ಅದನ್ನು ಯಾಕೆ ಬೆಳೀತಾನೆ ಹೇಳಿ?

ಇಷ್ಟೊತ್ತಿಗೆ "ರಾಗಿ ಬಗ್ಗೆ ಹೇಳಲೇ ಇಲ್ವಲ್ಲ" ಅಂತ ಯಾರೋ ಕಾಯ್ತಿರ್ತೀರಿ. ಹೇಳ್ತೀನಿ. ಗಿಡಗಳಲ್ಲಿ ಸಿ-3, ಸಿ-4 ಅಂತ ಎರಡು ಬಗೆ. ಭತ್ತ, ಗೋಧಿ ಸಿ-3. ಜೋಳ, ಮೆಕ್ಕೆಜೋಳ, ಸಜ್ಜೆ, ನವಣೆ, ರಾಗಿ ಸಿ-4. ಈ ಎರಡನೇ ಪಂಗಡದವು ಇಂಗಾಲವನ್ನು ಎಲೆಯೊಳಗೇ ಒತ್ತಿ ಶೇಖರಿಸೋ ಪಂಪು ಇಟ್ಟುಕೊಂಡೇ ಹುಟ್ಟಿವೆ. ಹೊರಗೆ ಗಾಳಿಯಲ್ಲಿ ಎಷ್ಟಿದೆ ಅನ್ನೋದು ಅವಕ್ಕೆ ಅಷ್ಟು ಮುಖ್ಯ ಅಲ್ಲ. 2014ರ ಆ ಅಧ್ಯಯನದಲ್ಲಿ ಜೋಳ ಮತ್ತು ಮೆಕ್ಕೆಜೋಳದ ಪೋಷಕಾಂಶ ಗೋಧಿ ಅಕ್ಕಿಯಷ್ಟು ಇಳಿಯಲಿಲ್ಲ. ಅಲ್ಲಿ ರಾಗಿಯನ್ನು ಪರೀಕ್ಷೆ ಮಾಡಿರಲಿಲ್ಲ. ಆದರೆ ಅದರ ದೇಹರಚನೆ ಇದೇ ಬಗೆಯದು. ದ್ವಿದಳ ಧಾನ್ಯಗಳ ಪ್ರೊಟೀನ್ ಕೂಡ ಹೆಚ್ಚುಕಮ್ಮಿ ನಿಂತ ಕಡೆ ನಿಂತಿತ್ತು, ಯಾಕೆಂದರೆ ಅವುಗಳ ಬೇರಿನ ಗಂಟಿನಲ್ಲಿರೋ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನೇ ಹಿಡಿದು ಕೊಡ್ತವೆ. ಈಗ ನಮ್ಮ ಹಿರಿಯರ ಹೊಲ ನೆನಪಿಸಿಕೊಳ್ಳಿ. ರಾಗಿ ನಡುವೆ ಅಕ್ಕಡಿ ಸಾಲು, ಅದರಲ್ಲಿ ಅವರೆ, ತೊಗರಿ, ಅಲಸಂದೆ. ಗಾಳಿ ಕೆಟ್ಟರೂ ತಾಳೋ ಜೋಡಿಯನ್ನು ಹೊಲದಲ್ಲಿ ಇಟ್ಟಿದ್ದರು. ಮುದ್ದೆ ಬಸ್ಸಾರಾಗಿ ತಟ್ಟೆಗೆ ಬಂದದ್ದೂ ಅದೇ ಜೋಡಿ.

ಇದನ್ನು ಹೇಳಿದ ತಕ್ಷಣ ರಾಗಿಗೆ ಕಿರೀಟ ಇಟ್ಟು ಮೆರವಣಿಗೆ ಮಾಡಬೇಡಿ. ರಾಗಿಯಲ್ಲಿ ಕ್ಯಾಲ್ಸಿಯಂ ಅಕ್ಕಿಯ ಎಷ್ಟೋ ಪಟ್ಟು ಇದೆ, ಆದರೆ ಪ್ರೊಟೀನ್ ಶೇ. 7ರ ಆಸುಪಾಸು, ಗೋಧಿಗಿಂತ ಕಡಿಮೆಯೇ. ಕನಕದಾಸರ 'ರಾಮಧಾನ್ಯ ಚರಿತೆ'ಯಲ್ಲಿ ಭತ್ತಕ್ಕೂ ರಾಗಿಗೂ ಯಾರು ದೊಡ್ಡವರು ಅಂತ ಜಗಳ ಬಂದಾಗ ರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಟ್ಟ ಕಥೆ ಗೊತ್ತಲ್ಲ. ಹೊರಗೆ ಬಂದಾಗ ಭತ್ತ ಕೆಟ್ಟಿತ್ತು, ರಾಗಿ ಗಟ್ಟಿಯಾಗಿ ನಿಂತಿತ್ತು. ನಾವು ಈಗ ಎರಡನ್ನೂ ಇನ್ನೊಂದು ಸೆರೆಗೆ ಹಾಕಿದ್ದೇವೆ, ಈ ಗಾಳಿಯ ಸೆರೆಗೆ. ಇಲ್ಲಿಂದ ಆರು ತಿಂಗಳಿಗೆ ಬಿಡುಗಡೆ ಇಲ್ಲ.

2023ನ್ನು ಸಿರಿಧಾನ್ಯದ ಅಂತಾರಾಷ್ಟ್ರೀಯ ವರ್ಷ ಅಂತ ಆಚರಿಸಿದೆವು. ಬೆಂಗಳೂರಲ್ಲಿ ಏನಾಯ್ತು? ರಾಗಿ ಪಿಜ್ಜಾ ಬಂತು, ನವಣೆ ಕುಕ್ಕಿ ಬಂತು, ಪುಟ್ಟ ಪ್ಯಾಕೆಟ್ಟಿನ ಮೇಲೆ ದೊಡ್ಡ ಬೆಲೆ ಬಂತು. ಧಾನ್ಯ ಊರಿನ ಬಡವನ ತಟ್ಟೆಯಿಂದ ಎದ್ದು ನಮ್ಮ ಲ್ಯಾಪ್‌ಟಾಪ್ ಬ್ಯಾಗಿಗೆ ಬಂದು ಕೂತಿತು. ಪಡಿತರದಲ್ಲಿ ಕೆಲವು ಜಿಲ್ಲೆಗಳಿಗೆ ರಾಗಿ, ಜೋಳ ಕೊಡೋದು ಇದೆ. ಅದು ಅಲ್ಲೊಂದು ಇಲ್ಲೊಂದು ಕಿಲೋ ಆಗದೆ, ಬೇಳೆಯ ಜೊತೆಗೆ ಪ್ರತಿ ತಿಂಗಳು ಗ್ಯಾರಂಟಿ ಆಗಬೇಕು. ನನಗೆ ಬೇಕಿರೋದು ಅದು. ಪಿಜ್ಜಾ ನೀವೇ ಇಟ್ಟುಕೊಳ್ಳಿ.

ಹಾಗಾದರೆ ನಾನು ಕೇಳ್ತಿರೋದು ಏನು? ಒಂದು, ಖರೀದಿ ಕೇಂದ್ರದಲ್ಲಿ ಪ್ರತಿ ಹಂಗಾಮಿಗೂ ಕಾಳಿನ ಪ್ರೊಟೀನ್, ಸತು, ಕಬ್ಬಿಣದ ಸ್ಯಾಂಪಲ್ ತೆಗೆದು ಜಿಲ್ಲಾವಾರು ಅಂಕಿಅಂಶ ಎಲ್ಲರಿಗೂ ಕಾಣೋ ಹಾಗೆ ಪ್ರಕಟಿಸಿ. ಎರಡು, ಪಡಿತರವನ್ನು ಕಿಲೋ ಅಕ್ಕಿಯ ಲೆಕ್ಕದಿಂದ ಬಿಡಿಸಿ ಪೋಷಣೆಯ ಲೆಕ್ಕಕ್ಕೆ ತನ್ನಿ. ಮೂರು, ಹೊಸ ತಳಿ ಬಿಡುಗಡೆ ಮಾಡುವಾಗ ಇಳುವರಿ ಎಷ್ಟು ಅಂತ ಕೇಳೋ ಹಾಗೆಯೇ 550 ಪಿಪಿಎಂ ಗಾಳಿಯಲ್ಲಿ ಪ್ರೊಟೀನ್ ಎಷ್ಟು ಉಳಿಯುತ್ತೆ ಅಂತಲೂ ಕೇಳಿ. ನಾಲ್ಕನೆಯದು ನಮಗೆ: ಹೊಗೆಯನ್ನು "ಗಿಡಗಳ ಊಟ" ಅಂತ ಕರೆದು ಕೈ ತೊಳ್ಕೋಬೇಡಿ.

ಕಳೆದ ಸಲ ಊರಿಗೆ ಹೋದಾಗ ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಜಗಲಿ ಮೇಲೆ ಕೂತು ಎಲೆ ಅಡಿಕೆ ಹಾಕ್ತಾ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಒಂದೇ ಪ್ರಶ್ನೆ. "ಮಿಷನ್ನು ತರ್ತಾರೆ ಸರಿ. ಕಮ್ಮಿ ಬಂತು ಅಂದ್ರೆ ರೇಟೂ ಕಮ್ಮಿ ಮಾಡ್ತಾರಾ? ಗಾಳಿ ನಾನು ಕೆಡಿಸಿದ್ನಾ?"

ನನ್ನ ಪಟ್ಟಿಯಲ್ಲಿ ಅದು ಇರಲಿಲ್ಲ. ಬೆಂಗಳೂರಲ್ಲಿ ಕೂತು ಬರೆದ ಪಟ್ಟಿಯಲ್ಲಿ ಅದು ಇರೋದೂ ಇಲ್ಲ. ಡೇರಿಯಲ್ಲಿ ನೀರು ಹಾಕಿದವನು ಸಿಕ್ಕಿಬೀಳ್ತಾನೆ. ಇಲ್ಲಿ ನೀರು ಹಾಕಿದವರು ಬೇರೆ, ಚೀಟಿ ಹಿಡಿದು ನಿಲ್ಲೋನು ಬೇರೆ. ಆದ್ದರಿಂದ ಐದನೆಯದು ಸೇರಿಸ್ತಾ ಇದ್ದೀನಿ: ಹೆಚ್ಚು ಪ್ರೊಟೀನಿಗೆ ಬೋನಸ್ ಇರಲಿ, ಕಡಿಮೆ ಆಯ್ತು ಅಂತ ರೈತನ ದುಡ್ಡಿಗೆ ಒಂದು ಪೈಸೆ ಕೈ ಹಾಕಬಾರದು. ಗೆಳೆಯನಿಗೆ ಈ ಬರಹದ ಕೊಂಡಿ ಕಳಿಸಿದ್ದೀನಿ. ನಾಳೆ ಊಟಕ್ಕೆ ಕೂತಾಗ ಮೊದಲು ಅಪ್ಪನ ಪ್ರಶ್ನೆಗೆ ಉತ್ತರ ಹೇಳಲಿ, ಆಮೇಲೆ ವಿಡಿಯೋ ನೋಡೋಣ.